ವಿಶ್ವಕಪ್ಪನ್ನೇ ಬಿಟ್ಟುಕೊಟ್ಟ ಮಾಪಿ ಲಿಯೊನ್: ಕಳೆದುಕೊಂಡಿದ್ದೇನು, ಉಳಿಸಿಕೊಂಡಿದ್ದೇನು?

2023ರ ಆಗಸ್ಟ್ 20ರಂದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಸ್ಪೇನ್ ಮಹಿಳೆಯರು ಇಂಗ್ಲೆಂಡನ್ನು 1-0ರಿಂದ ಮಣಿಸಿ ಮೊದಲ ಬಾರಿಗೆ ಫುಟ್‌ಬಾಲ್ ವಿಶ್ವಕಪ್ ಗೆದ್ದರು. ಆ ದೇಶದ ಅತ್ಯುತ್ತಮ ರಕ್ಷಣಾ ಆಟಗಾರ್ತಿಯರಲ್ಲಿ ಒಬ್ಬರಾದ ಮಾಪಿ ಲಿಯೊನ್ ಆ ತಂಡದಲ್ಲಿ ಇರಲಿಲ್ಲ. ಅದಕ್ಕೆ ಗಾಯ ಕಾರಣವಲ್ಲ, ಆಟ ಕುಂದಿದ್ದೂ ಅಲ್ಲ. ಎಲೆಯ ಮುಂದಿನಿಂದ ಅವರೇ ಎದ್ದು ಬಂದಿದ್ದರು.

1995ರಲ್ಲಿ ಜರಗೋಜಾ ನಗರದಲ್ಲಿ ಹುಟ್ಟಿದ ಮಾಪಿ ಎಡಗಾಲಿನ ಆಟಗಾರ್ತಿ. 2017ರಲ್ಲಿ ಬಾರ್ಸಿಲೋನಾ ಕ್ಲಬ್ ಸುಮಾರು 50,000 ಯೂರೋ ಕೊಟ್ಟು ಅವರನ್ನು ಅಟ್ಲೆಟಿಕೊ ಮ್ಯಾಡ್ರಿಡ್‌ನಿಂದ ಕರೆತಂದಿತು. ಸ್ಪೇನ್‌ನಲ್ಲಿ ಆಟಗಾರ್ತಿಯೊಬ್ಬರಿಗಾಗಿ ಒಂದು ಕ್ಲಬ್ ಇನ್ನೊಂದಕ್ಕೆ ಹಣ ತೆತ್ತಿದ್ದು ಅದೇ ಮೊದಲು. 2021ರಲ್ಲಿ ಬಾರ್ಸಿಲೋನಾ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಾಗ ಅವರು ರಕ್ಷಣಾ ಸಾಲಿನ ಆಧಾರವಾಗಿದ್ದರು.

2022ರ ಸೆಪ್ಟೆಂಬರಿನಲ್ಲಿ ಮಾಪಿ ಸೇರಿ 15 ಆಟಗಾರ್ತಿಯರು ಫುಟ್‌ಬಾಲ್ ಒಕ್ಕೂಟಕ್ಕೆ ಇ-ಮೇಲ್ ಕಳಿಸಿದರು. ರಾಷ್ಟ್ರೀಯ ತಂಡದ ವಾತಾವರಣದಿಂದ ತಮ್ಮ ಮನಸ್ಸು, ಆರೋಗ್ಯ ಕೆಡುತ್ತಿದೆ, ಅದು ಸರಿಯಾಗುವವರೆಗೆ ತಮ್ಮನ್ನು ಕರೆಯಬೇಡಿ ಎಂಬುದು ಅದರ ಸಾರಾಂಶ. ಒಕ್ಕೂಟ ದೂರಿನ ಒಳಹೊಕ್ಕು ನೋಡುವ ಬದಲು, ತಪ್ಪೊಪ್ಪಿ ಕ್ಷಮೆ ಕೇಳಿದವರಿಗಷ್ಟೇ ಬಾಗಿಲು ತೆರೆದಿದೆ ಎಂದಿತು. ಮುಂದೆ ಕೆಲವರು ಮರಳಲು ಒಪ್ಪಿದರು. ಅವರಲ್ಲಿ ಮೂವರು ವಿಶ್ವಕಪ್ ತಂಡ ಸೇರಿದರು. ಮಾಪಿ ಒಪ್ಪಲಿಲ್ಲ.

ಹಾಗೆಂದು ಮರಳಿದವರನ್ನು ಹಳಿಯುವುದು ಸರಿಯಲ್ಲ. ಅವರಲ್ಲೊಬ್ಬರಾದ ಐತಾನಾ ಬೊನ್ಮಾತಿ ಆ ಟೂರ್ನಿಯ ಶ್ರೇಷ್ಠ ಆಟಗಾರ್ತಿಯಾದರು. ಆದರೆ ಗೆಲುವಿನ ಸಂಭ್ರಮದಲ್ಲೇ ಒಕ್ಕೂಟದ ಅಧ್ಯಕ್ಷ ಲೂಯಿಸ್ ರುಬಿಯಾಲೆಸ್, ಆಟಗಾರ್ತಿ ಜೆನ್ನಿ ಎರ್ಮೊಸೊ ಅವರಿಗೆ ಒಪ್ಪಿಗೆಯಿಲ್ಲದೆ ಮುತ್ತಿಟ್ಟರು. ಅದನ್ನು ಇಡೀ ಜಗತ್ತು ಟಿವಿಯಲ್ಲಿ ನೋಡಿತು. ಮರುತಿಂಗಳೇ ಕೋಚ್ ಹೋರ್ಹೆ ವಿಲ್ಡಾ ವಜಾಗೊಂಡರು, ರುಬಿಯಾಲೆಸ್ ರಾಜೀನಾಮೆ ಕೊಟ್ಟರು. 2025ರ ಫೆಬ್ರವರಿಯಲ್ಲಿ ನ್ಯಾಯಾಲಯ ರುಬಿಯಾಲೆಸ್ ತಪ್ಪಿತಸ್ಥರೆಂದು 10,800 ಯೂರೋ ದಂಡ ವಿಧಿಸಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹದಿನೈದು ಮಂದಿ ಬರೆದುಕೊಟ್ಟ ದೂರಿಗೆ ಸಿಕ್ಕಿದ್ದು ಬೆದರಿಕೆ. ಕ್ಯಾಮರಾ ಮುಂದೆ ನಡೆದ ಒಂದು ಕೃತ್ಯಕ್ಕೆ ಕುರ್ಚಿಗಳೇ ಉರುಳಿದವು. ಹೆಣ್ಣುಮಕ್ಕಳ ಮಾತಷ್ಟೇ ಸಾಲದು, ಊರೆಲ್ಲ ಕಣ್ಣಾರೆ ನೋಡಬೇಕು ಎಂಬ ಈ ನ್ಯಾಯ ಆಟದ ಮೈದಾನಕ್ಕಷ್ಟೇ ಸೀಮಿತವಲ್ಲ.

ಕುರ್ಚಿಯಲ್ಲಿ ಕೂತವರು ಬದಲಾದೊಡನೆ ಮಾಪಿ ಮನಸ್ಸು ಬದಲಿಸಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಕರೆ ಬಂದಾಗ ಶಿಬಿರಕ್ಕೆ ಹೋಗಿ, ಒಕ್ಕೂಟದೊಂದಿಗಿನ ಮಾತುಕತೆಯಲ್ಲಿ ಭಾಗವಹಿಸಿ, ಆಡದೆ ಹಿಂತಿರುಗಿದರು. ಹೊಸ ಕೋಚ್ ಸೋನಿಯಾ ಬೆರ್ಮೂದೆಸ್ ಕಾಲದಲ್ಲಿ, 2025ರ ಅಕ್ಟೋಬರಿನಲ್ಲಿ, ಮೂರು ವರ್ಷಗಳ ಬಳಿಕ ಮತ್ತೆ ದೇಶದ ಅಂಗಿ ತೊಟ್ಟರು. ಆಗ ಅವರಿಗೆ ಮೂವತ್ತು.

ಈ ನಡುವೆ ಒಂದು ವಿಶ್ವಕಪ್, ಒಂದು ಒಲಿಂಪಿಕ್ಸ್, ಒಂದು ಯೂರೋ ಕಪ್ ಕೈತಪ್ಪಿದವು. ಆಟಗಾರ್ತಿಯ ಬದುಕಿನಲ್ಲಿ ಮೂರು ವರ್ಷ ಸಣ್ಣ ಅವಧಿಯಲ್ಲ. ಆ ಪದಕ ಮಾಪಿಯ ಮನೆಯಲ್ಲಿಲ್ಲ. ಆದರೆ ಒಕ್ಕೂಟ ಕೇಳಿದ ಕ್ಷಮೆಯನ್ನು ಅವರು ಕೇಳದೆಯೇ ಬಾಗಿಲು ತೆರೆಯಿತು.