ಒಂದೇ ಒಂದು ಕಾರ್ಡು ಬಾಕಿ

ಮಕ್ಕಳೇ, ಈ ವಾರ ನಾನು ಒಂದು ತಪ್ಪು ಒಪ್ಪಿಕೊಂಡೇ ಮಾತು ಶುರು ಮಾಡಬೇಕು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಹೇಳಿದ ಈ ತಾತ, ಕಳೆದ ತಿಂಗಳು ಒಂದು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ, ಮೊಬೈಲಿನಲ್ಲಿ ಬರುವ ಒಂದು ಚಿತ್ರದ ಕಾರ್ಡಿಗಾಗಿ ಪಿಂಚಣಿ ದುಡ್ಡು ಕಟ್ಟಲು ಹೊರಟಿದ್ದೆ!

ಆದದ್ದು ಇಷ್ಟು. ರಜೆಗೆ ಬಂದಿದ್ದ ಮೊಮ್ಮಗ ನನ್ನ ಫೋನಿಗೆ ‘ಪೋಕೆಮಾನ್ ಟಿಸಿಜಿ ಪಾಕೆಟ್’ ಎಂಬ ಆಟ ಹಾಕಿಕೊಟ್ಟ. 2024ರ ಅಕ್ಟೋಬರಿನಲ್ಲಿ ಬಂದ ಆಟ ಇದು. ಪ್ರತಿ 12 ಗಂಟೆಗೊಮ್ಮೆ ಒಂದು ಪೊಟ್ಟಣ ಪುಕ್ಕಟೆಯಾಗಿ ಸಿಗುತ್ತದೆ. ಅದರ ಮೇಲ್ತುದಿಯನ್ನು ಬೆರಳಿನಿಂದ ಸವರಿದರೆ ಸರ್ರನೆ ಹರಿದು, ಒಳಗಿನಿಂದ ಐದು ಕಾರ್ಡು ಬರುತ್ತವೆ. ಯಾವ ಐದು ಎಂಬುದು ಮಾತ್ರ ಹರಿಯುವ ತನಕ ಗೊತ್ತಾಗುವುದಿಲ್ಲ.

ಆ ಕುತೂಹಲ ನನಗೆ ಹೊಸದೇನಲ್ಲ. ನಾವು ಚಿಕ್ಕವರಿದ್ದಾಗ ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಡುತ್ತಿದ್ದೆವು. ಬೀದಿಯಲ್ಲಿ ಬಿದ್ದ ಖಾಲಿ ಪೊಟ್ಟಣ ಕಂಡರೆ ಓಡಿಹೋಗಿ ಎತ್ತಿಕೊಳ್ಳುತ್ತಿದ್ದೆವು. ನನ್ನ ಹತ್ತಿರ ಎರಡು ಹಡಗು ಇದ್ದರೆ ಒಂದನ್ನು ಗೆಳೆಯನಿಗೆ ಕೊಟ್ಟು ಅವನ ಕುದುರೆ ತೆಗೆದುಕೊಳ್ಳುತ್ತಿದ್ದೆ.

ಬರೀ ಚಿತ್ರ ಕೂಡಿಡುವುದಷ್ಟೇ ಆಗಿದ್ದರೆ ನಾನು ಎರಡು ದಿನಕ್ಕೇ ಬಿಟ್ಟುಬಿಡುತ್ತಿದ್ದೆ. ಆದರೆ ಆ ಕಾರ್ಡುಗಳಿಂದ ಆಡಲೂಬಹುದು. ಇಪ್ಪತ್ತೇ ಕಾರ್ಡು ಆರಿಸಿಕೊಳ್ಳಬೇಕು, ಒಂದೇ ಹೆಸರಿನವು ಎರಡಕ್ಕಿಂತ ಹೆಚ್ಚು ಇರಬಾರದು, ಮೊದಲು ಮೂರು ಅಂಕ ಗಳಿಸಿದವರು ಗೆದ್ದಂತೆ. ಬೆಂಕಿಯ ಜೀವಿಗೆ ನೀರಿನ ಜೀವಿ ಹೊಡೆದರೆ ಏಟು 20 ಹೆಚ್ಚು. ಯಾವುದನ್ನು ಮುಂದೆ ಬಿಡಬೇಕು, ಯಾವುದನ್ನು ಹಿಂದೆ ಉಳಿಸಿಕೊಳ್ಳಬೇಕು ಎಂದು ತಾತ ಮೊಮ್ಮಗ ಇಬ್ಬರೂ ಜಗಲಿಯ ಮೇಲೆ ಕೂತು ಲೆಕ್ಕ ಹಾಕುತ್ತಿದ್ದೆವು. ಅವನು ನನ್ನನ್ನು ಸೋಲಿಸಿದಾಗಲೆಲ್ಲ ಅವನಜ್ಜಿ ಅಡುಗೆಮನೆಯಿಂದಲೇ ಚಪ್ಪಾಳೆ ತಟ್ಟುತ್ತಿದ್ದಳು.

ನನ್ನ ಹತ್ತಿರ ಚಾರ್ಮ್ಯಾಂಡರ್ ಇತ್ತು, ಅದು ಬೆಳೆದು ಆಗುವ ಚಾರ್ಮೀಲಿಯನ್ ಇತ್ತು. ಕೊನೆಗೆ ಆಗಬೇಕಾದ ಚಾರಿಜಾರ್ಡ್ ಮಾತ್ರ ಇರಲಿಲ್ಲ. ಒಂದೇ ಒಂದು ಕಾರ್ಡು ಬಾಕಿ! ದಿನಾ ಪೊಟ್ಟಣ ಹರಿದೆ, ಬರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕನ್ನಡಕಕ್ಕಿಂತ ಮೊದಲು ಫೋನು ಹುಡುಕುವಂತಾಯಿತು. ಈ ಆಟದಲ್ಲಿ ‘ಪೋಕೆ ಗೋಲ್ಡ್’ ಎಂಬುದು ದುಡ್ಡಿಗೆ ಸಿಗುತ್ತದೆ. ಅದಿದ್ದರೆ 12 ಗಂಟೆ ಕಾಯಬೇಕಿಲ್ಲ, ಒಂದರ ಹಿಂದೊಂದು ಪೊಟ್ಟಣ ಹರಿಯಬಹುದು. ಆ ರಾತ್ರಿ ನನ್ನ ಬೆರಳು ಅಲ್ಲಿಗೇ ಹೋಗಿತ್ತು.

ನೀರು ಕುಡಿಯಲು ಎದ್ದ ಮೊಮ್ಮಗ ನೋಡಿಬಿಟ್ಟ. “ತಾತ, ದುಡ್ಡು ಹಾಕಬಾರದು ಅಂತ ನನಗೆ ಹೇಳಿದ್ದು ನೀವೇ ಅಲ್ವಾ?” ಎಂದ. “ಒಂದೇ ಕಾರ್ಡು ಕಣೋ, ಇನ್ನೇನು ಬಂದೇಬಿಡುತ್ತೆ” ಎಂದೆ. ಅವನು ಮಾತಾಡದೆ ಹೋಗಿ ಲೂಡೋ ಡಬ್ಬಿಯಿಂದ ದಾಳ ತಂದ. ಬೇಸಿಗೆಯಲ್ಲಿ ನಾನೇ ಅವನಿಗೆ ಕಲಿಸಿದ್ದ ಲೆಕ್ಕ ಅದು: ಒಂದರಿಂದ ಆರರವರೆಗೆ ಎಲ್ಲ ಸಂಖ್ಯೆಯೂ ಒಂದೊಂದು ಸಲವಾದರೂ ಬೀಳಲು ದಾಳವನ್ನು ಎಷ್ಟು ಸಲ ಎಸೆಯಬೇಕು?

ಎಸೆದೆವು. ಒಂಬತ್ತು ಎಸೆತಕ್ಕೆ ಐದು ಸಂಖ್ಯೆ ಬಂದವು. ಮೂರು ಮಾತ್ರ ಬಾಕಿ. ಅದು ಬಿದ್ದದ್ದು ಇಪ್ಪತ್ತೊಂದನೆಯ ಎಸೆತಕ್ಕೆ! ಸರಾಸರಿ ಲೆಕ್ಕದಲ್ಲಿ ಆರೂ ಸಂಖ್ಯೆಗೆ ಸುಮಾರು 15 ಎಸೆತ ಬೇಕು. ಅದರಲ್ಲಿ ಕೊನೆಯದೊಂದಕ್ಕೇ 6. ಕೊನೆಯದು ಯಾವಾಗಲೂ ಹೀಗೇ ಸತಾಯಿಸುತ್ತದೆ. “ಇಷ್ಟು ಸಲ ಬರಲಿಲ್ಲ, ಈಗ ಬಂದೇ ಬರುತ್ತೆ” ಎಂದು ನಾವು ಅಂದುಕೊಳ್ಳುತ್ತೇವೆ. ಹಿಂದಿನ ಎಸೆತದ ನೆನಪು ದಾಳಕ್ಕೆ ಇರುವುದಿಲ್ಲ. ಆರೇ ಮುಖದ ದಾಳದ ಪಾಡೇ ಹೀಗಾದರೆ, ನೂರಾರು ಕಾರ್ಡುಗಳಿರುವ, ಅದರಲ್ಲೂ ಕೆಲವನ್ನು ಬೇಕೆಂದೇ ಅಪರೂಪ ಮಾಡಿಟ್ಟಿರುವ ಆಟದ ಪಾಡೇನು?

ನಾನು ಫೋನು ಕೆಳಗಿಟ್ಟೆ. ಲೆಕ್ಕ ಗೊತ್ತಿದ್ದ ನನಗೇ ಹೀಗಾದರೆ ಹತ್ತು ವರ್ಷದ ಮಗುವಿನ ಗತಿಯೇನು ಎಂದು ಯೋಚಿಸಿ ನಾಚಿಕೆಯಾಯಿತು.

ಇನ್ನೊಂದು ಮಾತೂ ಇದೆ. ನನ್ನ ಬೆಂಕಿಪೊಟ್ಟಣದ ಚಿತ್ರಗಳು ಇಂದಿಗೂ ತಗಡಿನ ಡಬ್ಬಿಯಲ್ಲಿವೆ. ಮೊಬೈಲಿನ ಕಾರ್ಡು ನಮ್ಮದು ಎನಿಸಿದರೂ ಅದು ಇರುವುದು ಆಟ ನಡೆಸುವವರ ಬಳಿ. ‘ಪೋಕೆಮಾನ್ ಟಿಸಿಜಿ ಆನ್‌ಲೈನ್’ ಎಂಬ ಹಳೆಯ ಆಟ 2023ರ ಜೂನಿನಲ್ಲಿ ಮುಚ್ಚಿತು. ಕಾರ್ಡುಗಳನ್ನು ಅವರದೇ ಹೊಸ ಆಟಕ್ಕೆ ಒಯ್ಯಲು ದಾರಿ ಮಾಡಿಕೊಟ್ಟರು, ಸರಿ. ಕೊಡದಿದ್ದರೆ ಯಾರನ್ನು ಕೇಳುವುದು?

ಆಟ ಬಿಟ್ಟೆವೇ? ಇಲ್ಲ. ಮರುದಿನ ಇಬ್ಬರೂ ಕೂತು ಕರಾರು ಬರೆದೆವು. ಪುಕ್ಕಟೆ ಪೊಟ್ಟಣ ಮಾತ್ರ. ರಾತ್ರಿ ಊಟದ ನಂತರ ಫೋನು ಅಜ್ಜಿಯ ಕೈಗೆ. ಆಡುವಾಗ ಇಬ್ಬರೂ ಜೊತೆಗೆ. ಪೊಟ್ಟಣ ತೆರೆದಂತೆಲ್ಲ ಕೂಡುವ ಅಂಕಗಳನ್ನು ಕೊಟ್ಟು ಬೇಕಾದ ಕಾರ್ಡನ್ನೇ ಪಡೆಯುವ ದಾರಿಯೂ ಆಟದಲ್ಲಿದೆ. ನಿಧಾನ, ಆದರೆ ಕಾಸು ಖರ್ಚಿಲ್ಲ. ಚಾರಿಜಾರ್ಡ್ ಇನ್ನೂ ಬಂದಿಲ್ಲ. ನೀರಿನ ಜೀವಿಗಳನ್ನೇ ಕಟ್ಟಿಕೊಂಡು ಮೊನ್ನೆ ಮೊಮ್ಮಗನನ್ನು ಸೋಲಿಸಿದೆ!

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳನ್ನು ಬೈಯುವ ಮೊದಲು ಒಂದು ದಿನ ಪಕ್ಕದಲ್ಲಿ ಕೂತು ಆಡಿ ನೋಡಿ. ಮಕ್ಕಳೇ, ನೀವು ಈ ಭಾನುವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ದಾಳ ಎಸೆಯಿರಿ. ಆರೂ ಸಂಖ್ಯೆ ಬೀಳಲು ಎಷ್ಟು ಎಸೆತ ಬೇಕಾಯಿತು, ಕೊನೆಗೆ ಸತಾಯಿಸಿದ ಸಂಖ್ಯೆ ಯಾವುದು ಎಂದು ಬರೆದು ಕಳಿಸುತ್ತೀರಲ್ಲ?