ಮೂಷಿಕರ ಕಪಟ, ಕುಬ್ಜರ ಹಗೆ

ದುಷ್ಟನನ್ನೇ ನಾಯಕನ ಸ್ಥಾನದಲ್ಲಿರಿಸಿ ಬರೆದ ಕಥೆಯನ್ನು ಓದುವುದು ಹಿತವೋ ಅಹಿತವೋ ಎಂಬುದು ಹಳೆಯ ಪ್ರಶ್ನೆ. ನಮ್ಮ ಸಾಹಿತ್ಯಕ್ಕೂ ಅದು ಹೊಸತಲ್ಲ. ರನ್ನನ ಗದಾಯುದ್ಧದಲ್ಲಿ ಭೀಮನೇ ಕಥಾನಾಯಕನಾದರೂ, ಕಾವ್ಯವನ್ನು ಓದಿ ಮುಗಿಸಿದವನ ಮನಸ್ಸಿನಲ್ಲಿ ದುರ್ಯೋಧನನೇ ಉಳಿಯುತ್ತಾನೆ. ನಾಗಚಂದ್ರನು ರಾವಣನ ಅಂತರಂಗವನ್ನು ತೆರೆದು ತೋರಿಸಿ ಅವನಿಗಾಗಿ ನಾವು ಮರುಗುವಂತೆ ಮಾಡಿದನು. ಆದರೆ ಇವರಿಬ್ಬರಲ್ಲಿಯೂ ಒಂದು ಘನತೆಯಿದೆ. ಘನತೆಯ ಲವಲೇಶವೂ ಇಲ್ಲದ, ಹೇಡಿಯೂ ಕೃತಘ್ನನೂ ಆದ ಖಳನನ್ನು ಕಥೆಯ ನಡುವೆ ತಂದು ನಿಲ್ಲಿಸಿದರೆ ಓದುಗರು ಏನೆನ್ನುತ್ತಾರೆ? ಇಂಗ್ಲಿಷಿನ ಒಂದು ಅದ್ಭುತ ಕಾದಂಬರಿಯನ್ನು ಕುರಿತು ಅದರ ಓದುಗರಲ್ಲಿ ಕೇಳಿಬರುವ ಮಾತುಗಳು ಈ ದೃಷ್ಟಿಯಿಂದ ವಿಚಾರಾರ್ಹವಾಗಿವೆ.

ಕಾದಂಬರಿಯ ಹೆಸರು ‘ಥ್ಯಾಂಕ್ವಾಲ್ಸ್ ಡೂಮ್’. ಬರೆದವರು ಸಿ. ಎಲ್. ವರ್ನರ್, ಪ್ರಕಟವಾದುದು 2011ರಲ್ಲಿ. ಇದರ ಹಿನ್ನೆಲೆಯನ್ನು ಸಂಗ್ರಹವಾಗಿ ಹೇಳಬೇಕು. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಎಂಬ ಸಂಸ್ಥೆಯು 1983ರಲ್ಲಿ ‘ವಾರ್‌ಹ್ಯಾಮರ್’ ಎಂಬ ಆಟವನ್ನು ಹೊರತಂದಿತು. ಬಣ್ಣ ಬಳಿದ ಪುಟ್ಟ ಬೊಂಬೆಗಳ ಸೈನ್ಯಗಳನ್ನು ಮೇಜಿನ ಮೇಲೆ ಹೂಡಿ, ದಾಳ ಉರುಳಿಸಿ ಆಡುವ ಯುದ್ಧದಾಟವದು. ಆಟಕ್ಕಾಗಿ ಒಂದು ಕಲ್ಪಿತ ಜಗತ್ತೇ ನಿರ್ಮಾಣವಾಯಿತು. ಆ ಜಗತ್ತಿನ ಕಥೆಗಳನ್ನು ಅಚ್ಚು ಹಾಕುವುದಕ್ಕೆ 1997ರಲ್ಲಿ ಬ್ಲ್ಯಾಕ್ ಲೈಬ್ರರಿ ಎಂಬ ಪ್ರಕಾಶನ ಹುಟ್ಟಿಕೊಂಡಿತು. ಪ್ರಸ್ತುತ ಕಾದಂಬರಿ ಅಲ್ಲಿಂದ ಬಂದುದು.

ಈ ಜಗತ್ತಿನಲ್ಲಿ ನೆಲದಡಿಯ ಬಿಲಗಳಲ್ಲಿ ವಾಸಿಸುವ, ಎರಡೇ ಕಾಲುಗಳ ಮೇಲೆ ನಡೆಯುವ ಇಲಿಗಳ ಕುಲವೊಂದಿದೆ. 1986ರಲ್ಲಿ ಆಟದೊಳಗೆ ಪ್ರವೇಶಿಸಿದ ಈ ಮೂಷಿಕರ ಹೆಸರು ಸ್ಕೇವನ್. ಅವರ ಸಂಖ್ಯೆಗೆ ಲೆಕ್ಕವಿಲ್ಲ, ಕಪಟಕ್ಕೆ ಕೊನೆಯಿಲ್ಲ. ಅವರ ಬದ್ಧವೈರಿಗಳು ಇಂಗ್ಲಿಷಿನಲ್ಲಿ ‘ಡ್ವಾರ್ಫ್’ ಎನಿಸಿಕೊಂಡ ಕುಬ್ಜರು. ಗಿಡ್ಡ ದೇಹ, ನೀಳವಾದ ಗಡ್ಡ; ಪರ್ವತಗಳನ್ನು ಕೊರೆದು ದುರ್ಗ ಕಟ್ಟುವವರು, ಕಮ್ಮಾರಿಕೆಯಲ್ಲಿ ನಿಪುಣರು, ಕೊಟ್ಟ ಮಾತಿಗೆ ತಪ್ಪದವರು. ಥ್ಯಾಂಕ್ವಾಲ್ ಎಂಬವನು ಮೂಷಿಕರ ಮಂತ್ರವಾದಿ ಪುರೋಹಿತ. ಕುಬ್ಜರ ಕರಕ್ ಆಂಗ್‌ಕುಲ್ ಎಂಬ ದುರ್ಗದ ಮೇಲಿನ ದಾಳಿಯಲ್ಲಿ ಅವನೂ, ಇಕಿಟ್ ಕ್ಲಾ ಎಂಬ ಮೂಷಿಕ ಯಂತ್ರಶಿಲ್ಪಿಯೂ ಒಂದೇ ಪಾಳೆಯದಲ್ಲಿದ್ದೂ ಒಬ್ಬರನ್ನೊಬ್ಬರು ನಂಬುವುದಿಲ್ಲ. ಎದುರಿಗೆ ನಿಂತವನು ಕ್ಲಾರಕ್ ಬ್ರಾಂಜ್‌ಹ್ಯಾಮರ್ ಎಂಬ ಕುಬ್ಜ ಯಂತ್ರಶಿಲ್ಪಿ.

ಓದುಗರ ಅಭಿಪ್ರಾಯ ಇಲ್ಲಿ ಎರಡಾಗಿ ಒಡೆಯುತ್ತದೆ. ಮೆಚ್ಚಿದವರು ಮೆಚ್ಚುವುದು ಥ್ಯಾಂಕ್ವಾಲನು ಹುಟ್ಟಿಸುವ ನಗೆಯನ್ನು. ಗೆದ್ದರೆ ಅದು ತನ್ನ ಬುದ್ಧಿಯ ಫಲ, ಸೋತರೆ ಸೇವಕರ ದ್ರೋಹ. ಇದು ಅವನ ಸಿದ್ಧಾಂತ. ಅವನಿಗೆ ಬೋನ್‌ರಿಪ್ಪರ್ ಎಂಬ ದೈತ್ಯ ಅಂಗರಕ್ಷಕನಿರುತ್ತಾನೆ. ಒಬ್ಬನು ಸತ್ತರೆ ಮುಂದೆ ಬಂದವನಿಗೂ ಅದೇ ಹೆಸರು! ಸತ್ತವನ ನೆನಪು ಒಡೆಯನಿಗೆ ಕ್ಷಣಮಾತ್ರವೂ ಇರದು. ಒಪ್ಪದವರ ಆಕ್ಷೇಪಗಳೂ ಹಗುರವಲ್ಲ. ಮನಸ್ಸು ಕೊಟ್ಟು ಹಿಂಬಾಲಿಸಬಹುದಾದ ಒಂದು ಜೀವವಾದರೂ ಬೇಡವೇ, ಹೂಟ ಹೂಡುವುದು, ಓಡುವುದು, ಪರರನ್ನು ದೂರುವುದು ಎಷ್ಟು ಸಲ ಎಂದು ಅವರು ಕೇಳುತ್ತಾರೆ. ಕುಬ್ಜರು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದಾರೆ ಎನ್ನುತ್ತಾರೆ. ಮೂಷಿಕರು ಮಾತುಮಾತನ್ನೂ ಜೋಡಿಯಾಗಿ, ‘ಹೌದು-ಹೌದು’ ಎಂಬಂತೆ, ಆಡುವುದು ಕೆಲವರಿಗೆ ಬೇಸರ. ಕನ್ನಡಿಗನಿಗೆ ಅದು ಅಷ್ಟು ವಿಚಿತ್ರವೆನಿಸದು. ಸಂಭ್ರಮ, ಕೋಪ, ಅವಸರಗಳಲ್ಲಿ ದ್ವಿರುಕ್ತಿ ಬರುತ್ತದೆಂದು ನಮ್ಮ ವ್ಯಾಕರಣವೇ ಹೇಳುತ್ತದೆ. ಸದಾ ಬೆದರಿದ, ಸದಾ ಅವಸರದಲ್ಲಿರುವ ಪ್ರಾಣಿಯ ನಾಲಗೆಗೆ ಅದು ತಕ್ಕುದೇ ಆಗಿದೆ.

ಎರಡು ಪಕ್ಷದವರೂ ಸತ್ಯದ ಅರ್ಧವನ್ನು ಕಂಡಿದ್ದಾರೆ. ಮೂಷಿಕರು ಸೋಲುವುದು ಶತ್ರುವಿನ ಬಲದಿಂದ ಅಲ್ಲ. ವಿಲಿಯಂ ಕಿಂಗ್ ಅವರ ‘ಸ್ಕೇವನ್‌ಸ್ಲೇಯರ್’ ಎಂಬ 1999ರ ಪುಸ್ತಕದಲ್ಲಿ ಇದೇ ಥ್ಯಾಂಕ್ವಾಲನು ನುಲ್ನ್ ಎಂಬ ನಗರವನ್ನು ಹಾಳುಗೆಡಹಲು ಹೊರಡುತ್ತಾನೆ. ಆದರೆ ತನ್ನ ಕುಲದ ಪ್ರತಿಸ್ಪರ್ಧಿಗೆ ಕೀರ್ತಿ ಬರಬಾರದೆಂದು, ಅವನ ಹೂಟವನ್ನು ಹೆಸರಿಲ್ಲದ ಪತ್ರದ ಮೂಲಕ ಎದುರಾಳಿಗೇ ತಿಳಿಸಿಬಿಡುತ್ತಾನೆ! ಓದುವಾಗ ನಗು ಬರುತ್ತದೆ. ನಕ್ಕ ಮೇಲೆ ವಿಚಾರ ಮಾಡಿದರೆ, ಅಣ್ಣನ ಏಳಿಗೆಯನ್ನು ಸಹಿಸದೆ ನೆರೆಯವನಿಗೆ ಮನೆಯ ಗುಟ್ಟು ಹೇಳುವವನ ಮುಖವೇ ಆ ಇಲಿಯ ಮುಖದಲ್ಲಿ ಕಾಣುತ್ತದೆ. ಘನತೆಯಿಲ್ಲದ ಖಳನಿಂದ ಆಗುವ ಉಪಕಾರವಿದು. ದುರ್ಯೋಧನನನ್ನು ಕಂಡು ನಾವು ಮರುಗುತ್ತೇವೆ. ಥ್ಯಾಂಕ್ವಾಲನನ್ನು ಕಂಡು ನಾಚುತ್ತೇವೆ.

ಇನ್ನು ಕುಬ್ಜರ ಮಾತು. ಇವರನ್ನು ಸಜ್ಜನರೆಂದು ಗೌರವಿಸಿ ಮುಂದೆ ಸಾಗುವ ಓದುಗರೇ ಹೆಚ್ಚು. ಆದರೆ ಈ ಜಗತ್ತನ್ನು ಕಲ್ಪಿಸಿದವರು ಅವರ ಕೈಯಲ್ಲೊಂದು ಗ್ರಂಥವನ್ನು ಇರಿಸಿದ್ದಾರೆ. ಅದು ಹಗೆಗಳ ಹೊತ್ತಗೆ. ತಮಗಾದ ಒಂದೊಂದು ಅನ್ಯಾಯವನ್ನೂ ಅರಸನು ತನ್ನ ರಕ್ತದಿಂದಲೇ ಅದರಲ್ಲಿ ಬರೆದಿಡುತ್ತಾನೆ. ಋಣ ತೀರುವವರೆಗೆ ಆ ಬರಹವನ್ನು ಅಳಿಸುವಂತಿಲ್ಲ. ಎಲ್ಫ್‌ಗಳೆಂಬ ಜನರ ಆಸ್ಥಾನಕ್ಕೆ ಹೋದ ಕುಬ್ಜ ದೂತರ ಗಡ್ಡವನ್ನು ಬೋಳಿಸಿ ಅವಮಾನಿಸಲಾಯಿತು. ಅದರಿಂದ ಹೊತ್ತಿದ ಯುದ್ಧ ಶತಮಾನಗಳ ಕಾಲ ನಡೆದು ಎರಡು ಕುಲಗಳನ್ನೂ ಬಡವಾಗಿಸಿತು. ಆಮೇಲೆ ಭೂಕಂಪದಿಂದ ದುರ್ಗಗಳು ಬಿರುಕು ಬಿಟ್ಟಾಗ, ಆ ಬಿರುಕುಗಳಿಂದ ಒಳನುಗ್ಗಿದವರಲ್ಲಿ ಮೂಷಿಕರೂ ಇದ್ದರು. ತಡೆಯಬೇಕಾದ ತೋಳುಗಳು ಹಳೆಯ ಹಗೆಯಲ್ಲಿಯೇ ಸವೆದುಹೋಗಿದ್ದವು.

ಇಲ್ಲಿಯೇ ಕಥೆಯ ಮರ್ಮವಿದೆ. ಮೂಷಿಕನು ತನ್ನ ತಪ್ಪೊಂದನ್ನೂ ನೆನಪಿಡುವುದಿಲ್ಲ. ಕುಬ್ಜನು ಪರರ ತಪ್ಪೊಂದನ್ನೂ ಮರೆಯುವುದಿಲ್ಲ. ಮೊದಲನೆಯದು ಎಲ್ಲರ ಕಣ್ಣಿಗೂ ದುರ್ಗುಣವಾಗಿ ಕಾಣುತ್ತದೆ. ಎರಡನೆಯದು ಸ್ವಾಭಿಮಾನದ ಹೆಸರಿನಲ್ಲಿ ಬರುವುದರಿಂದ ಅದನ್ನು ಗುರುತಿಸುವುದು ಕಷ್ಟ. ಹೊಲದ ಬದುವಿಗಾಗಿಯೋ, ಮದುವೆಯೊಂದರಲ್ಲಿ ಆದ ಉಪಚಾರದ ಕೊರತೆಗಾಗಿಯೋ ವರ್ಷಗಟ್ಟಲೆ ಮಾತು ಬಿಟ್ಟ ಒಡಹುಟ್ಟಿದವರು ನಮ್ಮ ಊರುಗಳಲ್ಲಿ ಇಲ್ಲವೇ? ಅವರ ಮನೆಯಲ್ಲಿ ಹೊತ್ತಗೆ ಇರಲಾರದು. ಬರಹ ಮಾತ್ರ ಎದೆಯಲ್ಲಿದೆ, ಮಕ್ಕಳಿಗೂ ಅದನ್ನು ಓದಿಸಲಾಗುತ್ತಿದೆ.

ಇಂಥ ಪುಸ್ತಕವನ್ನು ಮಕ್ಕಳ ಕೈಗೆ ಕೊಡಬಹುದೇ ಎಂದು ತಾಯಿತಂದೆಗಳು ಕೇಳುವುದುಂಟು. ಇದರಲ್ಲಿ ರಕ್ತಪಾತ ಹೇರಳವಾಗಿದೆ. ಎಳೆಯರಿಗೆ ಇದು ತಕ್ಕುದಲ್ಲ. ಬಲಿತ ಬುದ್ಧಿಯ ತರುಣರು ಓದಿದರೆ ಬಾಧಕವಿಲ್ಲ. ಯಾರು ಗೆದ್ದರು ಎಂದು ಅವರನ್ನು ಕೇಳಬೇಡಿರಿ. ಇಲಿಗಳು ಏಕೆ ಸೋತವು, ಕುಬ್ಜರ ದುರ್ಗಗಳು ಏಕೆ ಬರಿದಾದವು ಎಂದು ಕೇಳಿರಿ. ಉತ್ತರ ಹೇಳುವಾಗ ಅವರು ನಮ್ಮ ಮುಖವನ್ನೇ ನೋಡಿದರೆ ಕೋಪಿಸಿಕೊಳ್ಳಲಾಗದು.