ಮೊದಲು ತೂಕ ಹಾಕಿ, ಆಮೇಲೆ ಫೋಟೋ ಹಾಕಿ

ರೀಲ್ಸ್‌ನಲ್ಲಿ ನೀವೂ ನೋಡಿರ್ತೀರಿ. ಒಬ್ಬ ಕರಿ ಬಟ್ಟೆ ಹಾಸ್ತಾನೆ, ಮೇಲೆ ಜೇನುತುಪ್ಪದ ಥರ ಏನೋ ಸುರೀತಾನೆ, ಮುಂದಿನ ಸೆಕೆಂಡಿಗೆ ಕನ್ನಡಿಯಂಥ ಬಾನೆಟ್ ರೆಡಿ. ಮಧ್ಯದ ಎರಡು ದಿನ, ಮೈ ತುರಿಕೆ, ಕೆಟ್ಟುಹೋದ ರೆಸಿನ್, ಮನೆಯವರ ಬೈಗುಳ, ಯಾವುದೂ ವಿಡಿಯೋದಲ್ಲಿ ಇರಲ್ಲ. ಅಂಥದ್ದನ್ನ ನೋಡಿಯೇ ನಾವು ನಾಲ್ಕು ಜನ ಕಳೆದ ರಜೆಯಲ್ಲಿ ಶಿವಮೊಗ್ಗದ ಒಂದು ಮನೆಯ ತಾರಸಿ ಮೇಲೆ, ಶೀಟಿನ ಶೆಡ್ಡಿನಲ್ಲಿ, ಹಳೇ ಮಾರುತಿ 800ಕ್ಕೆ ಕಾರ್ಬನ್ ಫೈಬರ್ ಬಾನೆಟ್ ಮಾಡೋಕೆ ಹೊರಟಿದ್ದು. ಕಾರು ನಮ್ಮಲ್ಲೊಬ್ಬನ ಅಪ್ಪನದು. ಅವರು ಜೀವನದಲ್ಲಿ ಕೊಂಡ ಮೊದಲ ಕಾರು. ಇದು ಮುಂದೆ ಮುಖ್ಯ ಆಗುತ್ತೆ.

ನಮ್ಮ ವಾದ ಇಷ್ಟೇ. ಮನೇಲಿ ಕಾರ್ಬನ್ ಫೈಬರ್ ಭಾಗ ಮಾಡಬಹುದು, ಎಂಜಿನಿಯರಿಂಗ್ ಓದೋರು ಒಮ್ಮೆಯಾದ್ರೂ ಮಾಡಲೇಬೇಕು. ಆದ್ರೆ ತೂಕ ಹಾಕದೇ ಅದನ್ನ ‘ಹಗುರ’ ಅಂತ ಕರೆಯೋ ಹಕ್ಕು ಯಾರಿಗೂ ಇಲ್ಲ.

ಯಾಕೆ ಹೇಳ್ತೀವಿ ಅಂದ್ರೆ, ಈಗ ನಮ್ಮ ಊರುಗಳಲ್ಲಿ ‘ಕಾರ್ಬನ್ ಮಾಡ್ಸಿದೀನಿ’ ಅನ್ನೋರಲ್ಲಿ ಬಹಳ ಜನ ಮಾಡ್ಸಿರೋದು ಹೊದಿಕೆ. ಇದ್ದ ಪ್ಲಾಸ್ಟಿಕ್ ಅಥವಾ ತಗಡಿನ ಭಾಗದ ಮೇಲೆ ಒಂದು ಪದರ ಕಾರ್ಬನ್ ಬಟ್ಟೆ ಅಂಟಿಸಿ, ಮೇಲೆ ಮೂರು ಕೋಟ್ ರೆಸಿನ್ ಬಳಿದು ಪಾಲಿಶ್ ಹೊಡೆಯೋದು. ನೋಡೋಕೆ ಚೆಂದ, ಸುಳ್ಳು ಹೇಳಲ್ಲ. ಆದ್ರೆ ಹಳೇ ಭಾಗ ಒಳಗೆ ಹಾಗೇ ಕೂತಿದೆಯಲ್ಲ! ತೂಕ ಇಳಿಯೋದಿರಲಿ, ಏರಿರುತ್ತೆ. ರೇಷ್ಮೆ ಪಂಚೆ ಉಟ್ಟರೆ ಮೈತೂಕ ಇಳಿಯುತ್ತಾ?

ಲೆಕ್ಕ ನೋಡಿ. ಉಕ್ಕು ಒಂದು ಘನ ಸೆಂಟಿಮೀಟರಿಗೆ 7.85 ಗ್ರಾಂ. ಅಲ್ಯೂಮಿನಿಯಂ 2.7. ಕಾರ್ಬನ್ ನೂಲು ಸುಮಾರು 1.8, ಗಟ್ಟಿಯಾದ ಎಪಾಕ್ಸಿ ಸುಮಾರು 1.2. ಎಪಾಕ್ಸಿ ಇನ್ನೂ ಹಗುರ ಅಲ್ವಾ, ಜಾಸ್ತಿ ಸುರಿದ್ರೆ ತಪ್ಪೇನು ಅಂತ ನಾವೂ ಮೊದಲು ಅಂದುಕೊಂಡಿದ್ವಿ. ಭಾರ ಹೊರೋದು ನೂಲು. ಎಪಾಕ್ಸಿ ನೂಲುಗಳನ್ನ ಅವುಗಳ ಜಾಗದಲ್ಲಿ ಹಿಡಿದಿಟ್ಟು ಭಾರವನ್ನ ಹಂಚುತ್ತೆ, ಅಷ್ಟೇ. ನೂಲು ನೆನೆಯೋಷ್ಟು ಸಾಕು, ಅದಕ್ಕಿಂತ ಮೇಲಿನ ಒಂದೊಂದು ಚಮಚವೂ ದಂಡದ ತೂಕ. ಕೈಯಲ್ಲಿ ಬಳಿಯುವಾಗ ಬಟ್ಟೆ ಎಷ್ಟು ತೂಕವೋ ರೆಸಿನ್ನೂ ಅಷ್ಟೇ ತೂಕದಲ್ಲಿ ಮುಗಿದ್ರೆ ಕೈ ಪಳಗಿದೆ ಅಂತ ಅರ್ಥ. ವ್ಯಾಕ್ಯೂಮ್ ಬ್ಯಾಗ್ ಹಾಕಿ ಹೆಚ್ಚಿನದ್ದನ್ನ ಹಿಂಡಿ ತೆಗೆದ್ರೆ ಇನ್ನೂ ಕಡಿಮೆ. ಕೆಲವರು ಹಳೇ ಫ್ರಿಜ್ಜಿನ ಕಂಪ್ರೆಸರನ್ನೇ ಪಂಪ್ ಮಾಡ್ಕೊಂಡು ಈ ಕೆಲಸ ಮಾಡ್ತಾರೆ. ನಮಗೆ ಸಿಕ್ಕ ಕಂಪ್ರೆಸರ್ ಸತ್ತಿತ್ತು.

ಅಚ್ಚು ತೆಗೆಯೋದು ಹೇಗೆ ಅಂತ ನಮಗೆ ಹೇಳಿಕೊಟ್ಟಿದ್ದು ಯಾವ ಪಠ್ಯಪುಸ್ತಕವೂ ಅಲ್ಲ, ಊರಲ್ಲಿ ಫೈಬರ್ ಗ್ಲಾಸ್ ಕೆಲಸ ಮಾಡೋ ಒಬ್ಬ ಅಣ್ಣ. ಟ್ಯಾಂಕು, ಬಸ್ಸಿನ ಸೀಟು, ಮೆರವಣಿಗೆಯ ಸ್ತಬ್ಧಚಿತ್ರದ ಆನೆ, ಎಲ್ಲಾ ಮಾಡ್ತಾರೆ. ನಾವು ‘ಮೋಲ್ಡ್ ರಿಲೀಸ್ ಏಜೆಂಟ್’ ಅಂತ ಶುರು ಮಾಡಿದ್ರೆ, “ದೋಸೆ ಕಾವಲಿಗೆ ಎಣ್ಣೆ ಹಚ್ಚಲ್ವೇನ್ರಪ್ಪಾ, ಅದೇ ಇದು” ಅಂದ್ರು. ಇಂಗ್ಲಿಷ್ ಮೀಡಿಯಮ್ಮಿನ ನಮ್ಮ ನಾಲ್ಕು ತಲೆಗೂ ಒಂದೇ ಸಲಕ್ಕೆ ಅರ್ಥ ಆಯ್ತು. ಅರ್ಥ ಆಗಿದ್ದು ಬೇರೆ, ಮಾಡಿದ್ದು ಬೇರೆ. ಅವರು ಹೇಳಿದ್ದು ಐದಾರು ಸಲ ವ್ಯಾಕ್ಸ್ ಉಜ್ಜಿ, ಆಮೇಲೆ ಪಿವಿಎ ಬಳಿದು, ಅದು ಪೂರ್ತಿ ಒಣಗೋವರೆಗೆ ಕಾಯಿರಿ ಅಂತ. ನಾವು ಎರಡು ಸಲ ಉಜ್ಜಿ, ಪಿವಿಎ ಒಣಗಿದ ಹಾಗೆ ಕಂಡ ತಕ್ಷಣ ಜೆಲ್‌ಕೋಟ್ ಬಳಿದ್ವಿ.

ಮಾರನೇ ದಿನ ಅಚ್ಚು ಬಿಡಿಸಿದಾಗ ಅದರ ಜೊತೆ ರೊಟ್ಟಿ ಅಗಲದ ಪೇಂಟೂ ಎದ್ದು ಬಂತು. ಅಪ್ಪನ ಮೊದಲ ಕಾರಿನ ಪೇಂಟು. ಅವರು ಬೈದಿದ್ರೆ ಚೆನ್ನಾಗಿರ್ತಿತ್ತು. ಹತ್ತಿರ ಬಂದು ಆ ಜಾಗದ ಮೇಲೆ ಒಂದ್ಸಲ ಕೈ ಆಡಿಸಿ, “ಕಾಫಿ ಕುಡೀರಿ” ಅಂತ ಹೇಳಿ ಒಳಗೆ ಹೋದ್ರು. ಆ ದಿನ ಯಾರೂ ಕೆಲಸ ಮುಂದುವರಿಸಲಿಲ್ಲ.

ಎರಡನೇ ಪಾಠ ಕಲಿಸಿದ್ದು ಎಪಾಕ್ಸಿ. ನಮ್ಮ ಲ್ಯಾಬುಗಳಲ್ಲಿ ಓಡಾಡೋ ಎಲ್‌ವೈ 556 ರೆಸಿನ್ನಿಗೆ ಎಚ್‌ವೈ 951 ಹಾರ್ಡನರ್ ನೂರಕ್ಕೆ ಹತ್ತರಂತೆ, ತೂಕದಲ್ಲಿ. ನಾವು ಅರ್ಧ ಕೆಜಿಗೂ ಹೆಚ್ಚು ಒಂದೇ ಪ್ಲಾಸ್ಟಿಕ್ ಚೊಂಬಿನಲ್ಲಿ ಕಲಸಿದ್ವಿ. ಗಟ್ಟಿಯಾಗುವಾಗ ಅದು ಶಾಖ ಬಿಡುತ್ತೆ, ಒಂದೇ ಕಡೆ ರಾಶಿ ಇದ್ರೆ ಆ ಶಾಖ ಹೋಗೋಕೆ ಜಾಗ ಇಲ್ಲ, ಬಿಸಿಯಾದಷ್ಟೂ ಇನ್ನೂ ಬೇಗ ಗಟ್ಟಿಯಾಗುತ್ತೆ. ಸ್ವಲ್ಪ ಹೊತ್ತಲ್ಲೇ ಹೊಗೆ ಬಂತು, ಚೊಂಬು ಸೊಟ್ಟಗಾಯ್ತು. ಚೊಂಬು ಅಜ್ಜಿಯದು. ಆಮೇಲೆ ಅಗಲವಾದ ತಟ್ಟೆಯಲ್ಲಿ ನೂರೈವತ್ತು ಗ್ರಾಂ, ನೂರೈವತ್ತು ಗ್ರಾಂ ಕಲಸಿದ್ವಿ. ಮಳೆಗಾಲ ಬೇರೆ. ಹಾರ್ಡನರ್‌ನಲ್ಲಿರೋ ಅಮೈನ್ ಗಾಳಿಯ ತೇವಕ್ಕೂ ಇಂಗಾಲದ ಡೈಆಕ್ಸೈಡಿಗೂ ಸಿಕ್ಕಿ ಮೇಲೆ ಬೆಳ್ಳಗೆ, ಜಿಡ್ಡಿನ ಪೊರೆ ಕಟ್ಟುತ್ತೆ. ಅದನ್ನ ಬಿಸಿನೀರಲ್ಲಿ ತೊಳೆದು ಉಜ್ಜದೇ ಮುಂದಿನ ಕೋಟ್ ಬಳಿದ್ರೆ ಅಂಟಲ್ಲ. ಆಗುಂಬೆಯಿಂದ ಬರೋ ಗಾಳಿಯಲ್ಲಿ ಈ ಕೆಲಸಕ್ಕೆ ಜೂನ್, ಜುಲೈ ಆರಿಸಿಕೊಂಡ ಬುದ್ಧಿವಂತರು ನಾವು.

ಕೊನೆಗೂ ಬಾನೆಟ್ ಆಯ್ತು. ಹೊರಗೊಂದು ಒಳಗೊಂದು ಪದರ ಕಾರ್ಬನ್, ಮಧ್ಯೆ ಎರಡು ಪದರ ಗಾಜಿನ ಬಟ್ಟೆ, ಅವುಗಳ ನಡುವೆ ಮೂರು ಮಿಲಿಮೀಟರಿನ ತೆಳು ಕೋರ್. ಕೋರ್ ಯಾಕೆ ಅಂದ್ರೆ, ತಗಡು ಬಾಗದಿರೋ ಗುಣ ದಪ್ಪದ ಘನಕ್ಕೆ ತಕ್ಕಂತೆ ಏರುತ್ತೆ. ದಪ್ಪ ಎರಡರಷ್ಟಾದ್ರೆ ಬಿಗಿತ ಎಂಟರಷ್ಟು. ಹಗುರವಾದ ಏನನ್ನಾದ್ರೂ ನಡುವೆ ಇಟ್ಟು ಎರಡು ಪದರಗಳನ್ನ ದೂರ ಮಾಡಿದ್ರೆ ತೂಕ ಏರದೆ ಬಿಗಿ ಬರುತ್ತೆ. ಕ್ಲಾಸಿನಲ್ಲಿ ಈ ಸೂತ್ರ ಬರೆದು ಮಾರ್ಕ್ಸ್ ತಗೊಂಡಿದ್ವಿ. ಅಂಗೈ ಇಟ್ಟು ಒತ್ತಿದಾಗ ಗೊತ್ತಾಗಿದ್ದೇ ಬೇರೆ.

ತೂಕ ಹಾಕಿಸಿದ್ದು ಗುಜರಿ ಅಂಗಡಿಯಲ್ಲಿ. ಹಳೇ ಉಕ್ಕಿನ ಬಾನೆಟ್ 7.8 ಕೆಜಿ. ನಮ್ಮದು ಲೆಕ್ಕದ ಪ್ರಕಾರ 3 ಕೆಜಿ ಬರಬೇಕಿತ್ತು, ಬಂದಿದ್ದು 4.4. ಆ 1.4 ಕೆಜಿ ಪೂರಾ ನಮ್ಮ ಭಯ. ಎಲ್ಲಿ ಬಟ್ಟೆ ಒಣಗಿ ಉಳಿಯುತ್ತೋ ಅಂತ ಸುರಿದ ರೆಸಿನ್. ಉಳಿತಾಯ 3.4 ಕೆಜಿ. ಸುಮಾರು 650 ಕೆಜಿಯ ಕಾರಿನಲ್ಲಿ ಅದು ನೂರಕ್ಕೆ ಅರ್ಧ. ಡಿಕ್ಕಿಯಲ್ಲಿ ಎಷ್ಟೋ ವರ್ಷದಿಂದ ಇದ್ದ ಹಳೇ ಸಾಮಾನು ಇಳಿಸಿದ್ರೆ ಅದಕ್ಕಿಂತ ಹೆಚ್ಚು ಇಳೀತಿತ್ತು, ಅದೂ ಪುಕ್ಕಟೆ. ಗುಜರಿಯವರು ಇನ್ನೊಂದು ಮಾತು ಅಂದ್ರು: ಕಬ್ಬಿಣದ್ದು ಯಾವಾಗ ಬೇಕಾದ್ರೂ ತನ್ನಿ, ನಿಮ್ಮ ಕರೀದಕ್ಕೆ ರೇಟ್ ಇಲ್ಲ. ನಿಜ. ಉಕ್ಕನ್ನ ಕರಗಿಸಿ ಮತ್ತೆ ಉಕ್ಕು ಮಾಡ್ತಾರೆ, ಗಟ್ಟಿಯಾದ ಎಪಾಕ್ಸಿ ಕರಗಲ್ಲ. ಹಗುರ, ಹಸಿರು ಅಂತೆಲ್ಲ ಭಾಷಣ ಮಾಡೋ ನಮಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

ಹಾಗಾದ್ರೆ ಮಾಡಬಾರದಿತ್ತಾ? ಮಾಡಬೇಕಿತ್ತು. ಆದ್ರೆ ಯಾವ ಭಾಗ ಅನ್ನೋದರಲ್ಲಿ ನಾವು ಸ್ವಲ್ಪ ಹಠಮಾರಿಗಳು. ಬಾನೆಟ್, ಡ್ಯಾಶ್‌ಬೋರ್ಡಿನ ತುಂಡು, ಕನ್ನಡಿ ಕವರ್ ಸರಿ. ನಮ್ಮ ಸೀನಿಯರ್ ಒಬ್ಬರು ಸಸ್ಪೆನ್ಷನ್ ಆರ್ಮ್ ಮಾಡೋಣ ಅಂದಾಗ ನಾವು ಬೇಡವೇ ಬೇಡ ಅಂದ್ವಿ. ಉಕ್ಕು ಮೊದಲು ಬಾಗುತ್ತೆ, ಗಾಡಿ ಒಂದು ಕಡೆ ಎಳೆಯುತ್ತೆ, ನಿಮಗೆ ಸೂಚನೆ ಸಿಗುತ್ತೆ. ಕಾರ್ಬನ್ ಬಾಗಿ ತೋರಿಸಲ್ಲ, ಮುರಿಯುತ್ತೆ. ಒಳಗೆ ಗುಳ್ಳೆ ಇದ್ಯಾ, ಪದರ ಬಿಟ್ಟಿದ್ಯಾ ಅಂತ ಹೊರಗಿನ ಹೊಳಪು ಹೇಳಲ್ಲ. 1981ರಲ್ಲಿ ಮೆಕ್ಲಾರನ್ ಎಂಪಿ4/1 ಕಾರು ಕಾರ್ಬನ್ ಚಾಸಿಯೊಂದಿಗೆ ಬಂತು, ಅದೇ ವರ್ಷ ಮೊಂಜಾದಲ್ಲಿ ಜಾನ್ ವಾಟ್ಸನ್ ಭಾರೀ ಅಪಘಾತದಿಂದ ನಡೆದು ಹೊರಗೆ ಬಂದ್ರು ಅಂತ ಎಲ್ಲರೂ ಉದಾಹರಣೆ ಕೊಡ್ತಾರೆ. ಆ ಚಾಸಿ ಮಾಡಿದ್ದು ಅಮೆರಿಕದ ಒಂದು ಏರೋಸ್ಪೇಸ್ ಕಂಪನಿ, ತಾರಸಿ ಶೆಡ್ಡಲ್ಲ. ನಮ್ಮ ಬೆಂಗಳೂರಿನ ಎನ್‌ಎಎಲ್‌ನಲ್ಲೂ ತೇಜಸ್ ವಿಮಾನದ ಕಾರ್ಬನ್ ಭಾಗಗಳಿಗಾಗಿ ಕೆಲಸ ನಡೆದಿದೆ. ಅಲ್ಲಿ ಆಟೋಕ್ಲೇವ್‌ನಲ್ಲಿ ಒತ್ತಡ, ಶಾಖ ಕೊಟ್ಟು ಬೇಯಿಸ್ತಾರೆ, ಆಮೇಲೆ ಅಲ್ಟ್ರಾಸೌಂಡ್ ಹಾಕಿ ಒಳಗೆ ನೋಡ್ತಾರೆ. ನಮ್ಮ ಹತ್ತಿರ ಇದ್ದಿದ್ದು ಎರಡು ಬ್ರಷ್ಷು, ಒಂದು ರೋಲರ್.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರೋ ವಿವರಗಳು ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದಕ್ಕಿಂತ ದೊಡ್ಡ ಕಾರಣ ನಮಗೆ ಬೇರೆ ಇದೆ: ಯಾರಿಗಾದ್ರೂ ಗುದ್ದಿದ್ರೆ ತಗಡು ಮಡಚುತ್ತೆ, ನಮ್ಮದು ಚೂಪಾದ ಚೂರುಗಳಾಗಿ ಒಡೆಯುತ್ತೆ. ಹಾಗಾಗಿ ಆ ಬಾನೆಟ್ ಹಾಕಿ ಕಾರು ಕಾಂಪೌಂಡ್ ದಾಟಿಲ್ಲ.

ನಮ್ಮ ನಿಜವಾದ ಸಿಟ್ಟು ಇರೋದು ಇಲ್ಲಿ. ಕಾಂಪೋಸಿಟ್ಸ್ ಅನ್ನೋದು ನಮಗೆ ಇನ್ನೂ ಎರಡು ವರ್ಷ ಆದಮೇಲೆ ಬರೋ ಎಲೆಕ್ಟಿವ್, ಅದೂ ಬೋರ್ಡಿನ ಮೇಲೆ. ಮನೇಲಿ ಮಾಡೋ ಹುಡುಗರಿಗೆ ಯಾರೂ ಹೇಳಿರಲ್ಲ: ಗ್ರೈಂಡರ್‌ನಲ್ಲಿ ಕೊಯ್ದಾಗ ಏಳೋ ಕಾರ್ಬನ್ ಧೂಳಿಗೆ ಬಟ್ಟೆ ಮಾಸ್ಕ್ ಸಾಲದು, ನೀರು ಹಾಕಿ ವಾಟರ್ ಪೇಪರ್‌ನಲ್ಲೇ ಉಜ್ಜಬೇಕು. ಆ ಧೂಳು ಕರೆಂಟ್ ಹರಿಸುತ್ತೆ, ಸ್ವಿಚ್ ಬೋರ್ಡಿನೊಳಗೆ ಹೋಗಬಾರದು. ಅಚ್ಚಿಗೆ ಬಳಸೋ ಪಾಲಿಯೆಸ್ಟರ್ ರೆಸಿನ್ನಿನ ಕೋಬಾಲ್ಟನ್ನೂ ಎಂಇಕೆಪಿಯನ್ನೂ ನೇರವಾಗಿ ಒಂದಕ್ಕೊಂದು ಸೇರಿಸಿದ್ರೆ ಸ್ಫೋಟ ಆಗಬಹುದು. ಮೊದಲು ಒಂದನ್ನ ರೆಸಿನ್ನಿಗೆ ಚೆನ್ನಾಗಿ ಕಲಸಿ ಆಮೇಲೆ ಇನ್ನೊಂದು. ಇದನ್ನ ನಮಗೆ ಹೇಳಿದ್ದೂ ಆ ಫೈಬರ್ ಅಣ್ಣನೇ, ಬಾಟ್ಲಿಗಳನ್ನ ಬೇರೆ ಬೇರೆ ಮೂಲೆಯಲ್ಲಿ ಇಟ್ಟು ತೋರಿಸಿ. ನಾವು ಕೇಳೋದು ದೊಡ್ಡದೇನಲ್ಲ. ವರ್ಕ್‌ಶಾಪಿನಲ್ಲಿ ಗಾಳಿ ಆಡೋ ಒಂದು ಮೂಲೆ, ಒಂದು ಎಕ್ಸಾಸ್ಟ್ ಫ್ಯಾನು, ನಾಲ್ಕು ಸರಿಯಾದ ಮಾಸ್ಕು, ಶನಿವಾರ ಮಧ್ಯಾಹ್ನ ಬೀಗದ ಕೈ. ಕಲಿಸೋಕೆ ಆ ಅಣ್ಣನನ್ನೇ ಒಂದು ದಿನ ಕರೆಸಲಿ, ಗೌರವಧನ ಕೊಟ್ಟು.

ಅಪ್ಪನ ಬಾನೆಟ್ಟಿಗೆ ನಾವೇ ದುಡ್ಡು ಹಾಕಿ ಪೇಂಟ್ ಮಾಡಿಸಿದ್ವಿ. ಬಣ್ಣ ಪೂರ್ತಿ ಹೊಂದಿಲ್ಲ, ಬಿಸಿಲಲ್ಲಿ ಗೊತ್ತಾಗುತ್ತೆ. ಅವರು ಅದನ್ನೇ ಹಾಕ್ಕೊಂಡು ಓಡಾಡ್ತಿದ್ದಾರೆ. ನಮ್ಮ 4.4 ಕೆಜಿಯದ್ದು ಶೆಡ್ಡಿನ ಗೋಡೆಗೆ ಒರಗಿದೆ. ಪಕ್ಕದಲ್ಲಿ ಅದೇ ಅಚ್ಚು, ಈ ಸಲ ಆರು ಸಲ ವ್ಯಾಕ್ಸ್ ಉಜ್ಜಿದ್ದು. ಡಿಸೆಂಬರ್ ರಜೆಯಲ್ಲಿ ಮೂರೂವರೆ ಕೆಜಿಗೆ ಇಳಿಸೋ ಪಣ ಇದೆ. ಯಾರ ಹತ್ತಿರವಾದ್ರೂ ಓಡೋ ಸ್ಥಿತಿಯಲ್ಲಿರೋ ಫ್ರಿಜ್ ಕಂಪ್ರೆಸರ್ ಇದ್ರೆ ಹೇಳಿ.